ಏಕಾಂಬರಂ ಊರಲ್ಲಿಲ್ಲ

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಮದ್ರಾಸಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಕೆಲಸಕ್ಕೆ ಸೇರಿ ನಾಲ್ಕನೆಯ ವರ್ಷ. ಊರಿಗೆ ಕಾಲರಾ ಬಂದಿದೆ ಎಂದು ನಮಗೆಲ್ಲ ಗೊತ್ತಾಗುವ ಮುಂಚಿನ ಕೊನೆಯ ಭಾನುವಾರ ನನಗೆ ಬೆಳಗಿನ ಪಾಳಿ. ಆ ದಿನ ನೆನಪಿಡುವಂಥದ್ದು ಏನೂ ನಡೆಯಲಿಲ್ಲ. ಆದರೂ ಅದರ ನಂತರದ ದಿನಗಳಿಗಿಂತ ಅದೇ ನನಗೆ ಚೆನ್ನಾಗಿ ನೆನಪಿದೆ.

ಮೈಲಾಪೂರಿನ ಮನೆಯಿಂದ ಹೊರಡುವಾಗ ನಮ್ಮವರು ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದರು. ಕನ್ನಡಿಯೊಳಗಿಂದಲೇ ನನ್ನನ್ನು ನೋಡಿ, "ಹೊರಟೆಯೇನೇ ಟ್ರಂಕಮ್ಮ? ಇವತ್ತು ಯಾರ ಸಂಸಾರ ಕೂಡಿಸ್ತೀಯ?" ಅಂದರು. ಅವರು ವಿಮಾ ಕಚೇರಿಯಲ್ಲಿ ಗುಮಾಸ್ತರು. ಭಾನುವಾರ ಅವರಿಗೆ ರಜೆ, ನನಗಿಲ್ಲ. ಈ ಮಾತನ್ನು ಅವರು ನನ್ನ ಪ್ರತಿ ಭಾನುವಾರದ ಪಾಳಿಗೂ ಹೇಳುತ್ತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಓಡುತ್ತಿದ್ದೆ.

ಈಗಿನವರಿಗೆ ಟ್ರಂಕ್ ಕಾಲ್ ಅಂದರೆ ಏನೆಂದು ಹೇಳಬೇಕಾಗುತ್ತದೆ. ಬೇರೆ ಊರಿಗೆ ಮಾತಾಡಬೇಕಾದರೆ ಆಗ ನೇರವಾಗಿ ನಂಬರು ತಿರುಗಿಸಲು ಆಗುತ್ತಿರಲಿಲ್ಲ. ಎಕ್ಸ್‌ಚೇಂಜಿಗೆ ಹೇಳಿ ಬುಕ್ ಮಾಡಿ ಕಾಯಬೇಕು. ಬುಕ್ ಆದ ಕರೆ ಒಂದು ಚಿಕ್ಕ ಟಿಕೆಟ್ಟಾಗಿ ನಮ್ಮ ಮುಂದೆ ಬರುತ್ತಿತ್ತು. ನಾವು ಬೋರ್ಡಿನ ಮುಂದೆ ಸಾಲಾಗಿ ಕುಳಿತು, ಹೆಡ್‌ಸೆಟ್ ಹಾಕಿಕೊಂಡು, ಒಂದೊಂದು ಊರಿನ ಆಪರೇಟರನ್ನು ಕರೆದು ದಾರಿ ಮಾಡಿಕೊಳ್ಳಬೇಕು. ಕುಂದಾಪುರಕ್ಕೆ ಹೋಗಲು ಮಂಗಳೂರನ್ನು ಕೇಳಬೇಕು, ಮಂಗಳೂರು ಕುಂದಾಪುರವನ್ನು ಕೇಳಬೇಕು. ನಮ್ಮಪ್ಪ ರೈಲ್ವೆಯಲ್ಲಿದ್ದವರು, ನಮ್ಮದು ತುಮಕೂರು ಕಡೆಯ ಮಾತು. ನಾನು ಓದಿದ್ದು ಮದ್ರಾಸಿನಲ್ಲೇ, ಎಸ್ಸೆಸ್ಸೆಲ್ಸಿವರೆಗೆ. ಮನೆಯಲ್ಲಿ ಕನ್ನಡ ಆಡುತ್ತಿದ್ದೆನೆಂದು ಕರಾವಳಿಯ ಕಡೆಯ ಟಿಕೆಟ್ಟುಗಳನ್ನೆಲ್ಲ ನನ್ನ ಕಡೆಗೇ ತಳ್ಳುತ್ತಿದ್ದರು. ಕುಂದಾಪುರದವರ ಮಾತು ಅರ್ಥವಾಗಲು ನನಗೂ ವರ್ಷ ಹಿಡಿಯಿತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಕರೆಗಳಲ್ಲಿ ಪಿ.ಪಿ. ಎಂಬ ಒಂದು ಬಗೆ ಇತ್ತು. ಪರ್ಟಿಕ್ಯುಲರ್ ಪರ್ಸನ್, ಅಂದರೆ ಇಂಥವರೇ ಬೇಕು ಎಂದು ಹೆಸರು ಹೇಳಿ ಬುಕ್ ಮಾಡುವುದು. ನಾವು ಆ ಕಡೆಗೆ ಹೆಸರು ಹೇಳಿ ಕೇಳುತ್ತೇವೆ. ಅವರು ಇಲ್ಲದಿದ್ದರೆ ಕರೆ ರದ್ದು, ಅಲ್ಪ ಶುಲ್ಕ ಬಿಟ್ಟರೆ ಮತ್ತೇನೂ ಬೀಳುವುದಿಲ್ಲ. ತ್ರಿಪ್ಲಿಕೇನಿನ ಹೋಟೆಲುಗಳಲ್ಲಿ ಕೆಲಸಕ್ಕಿದ್ದ ಕರಾವಳಿಯವರು ಇದರಿಂದ ತಮ್ಮದೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ತಮ್ಮ ಹಳ್ಳಿಯಲ್ಲಿ ಯಾರಿಗೂ ಇಲ್ಲದ ಒಂದು ಹೆಸರನ್ನು ಇಟ್ಟುಕೊಳ್ಳುವುದು, ಭಾನುವಾರ ಆ ಹೆಸರಿಗೆ ಪಿ.ಪಿ. ಬುಕ್ ಮಾಡುವುದು. ಆ ಕಡೆಯವರು ಇಲ್ಲ ಅನ್ನುತ್ತಾರೆ. ಅಷ್ಟೇ. ಹೆಸರು ಬಂತು ಎಂದರೆ ಅಪ್ಪ ಚೆನ್ನಾಗಿದ್ದಾನೆ ಎಂದು ಮಕ್ಕಳಿಗೆ ಗೊತ್ತಾಗುತ್ತಿತ್ತು. ಹೆಸರುಗಳನ್ನೆಲ್ಲ ಅವರು ಹೋಟೆಲಿಗೆ ಬರುವ ತಮಿಳು ಗಿರಾಕಿಗಳಿಂದ ತೆಗೆದುಕೊಂಡಿದ್ದರು. ಒಬ್ಬನದು ಕೋದಂಡಪಾಣಿ. ಮಂಜಯ್ಯ ಎಂಬ ದೋಸೆ ಹಾಕುವವನದು ಏಕಾಂಬರಂ. ಇಲಾಖೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಮಂಜಯ್ಯನ ಊರು ಕುಂದಾಪುರದಿಂದ ಆಚೆ. ಅಲ್ಲಿದ್ದದ್ದು ಒಂದೇ ಫೋನು, ನಂಬರು ಹದಿನಾಲ್ಕು. ಅದು ಶಾಲೆಯ ಮಾಸ್ತರರ ಜಗಲಿಯಲ್ಲಿತ್ತು, ಯಾಕೆಂದರೆ ಅಂಚೆ ಕಚೇರಿಯೂ ಅವರ ಜಗಲಿಯೇ. ಆ ಮಾಸ್ತರರನ್ನು ನಾನು ಎಂದೂ ನೋಡಲಿಲ್ಲ. ಅವರು ನನ್ನನ್ನು ಮದ್ರಾಸಮ್ಮ ಎಂದು ಕರೆಯುತ್ತಿದ್ದರು.

"ಹ್ವಾಯ್, ಮದ್ರಾಸಮ್ಮ! ಇವತ್ತ್ ಯಾರ್ ಬೇಕ್?"

"ಏಕಾಂಬರಂ ಇದ್ದಾರಾ ಮಾಸ್ತರೇ?"

"ಏಕಾಂಬರಂ ಊರಲ್ಲಿಲ್ಲೆ. ಹೊಳಿಗ್ ಮೀನ್ ಹಿಡುಕ್ ಹೋಯಿರ್."

ಪ್ರತಿ ವಾರ ಅವರು ಏಕಾಂಬರಂನನ್ನು ಹೊಸ ಹೊಸ ಕಡೆಗೆ ಕಳಿಸುತ್ತಿದ್ದರು. ಒಮ್ಮೆ ಕಾಶಿಗೆ, ಒಮ್ಮೆ ಹೆಣ್ಣು ನೋಡಲು. ಅವರು ಹಾಗೆ ಅಂದಾಗ ಹಿಂದೆ ಮಕ್ಕಳು ನಗುವುದು ನನ್ನ ಕಿವಿಗೆ ಬೀಳುತ್ತಿತ್ತು. ಆ ಭಾನುವಾರ ಮಂಜಯ್ಯನ ಹುಡುಗಿ, "ಕಂಬ ಹತ್ಬೇಡಾ, ಬೀಳ್ತೆ!" ಎಂದು ತಮ್ಮನನ್ನು ಗದರುತ್ತಿತ್ತು.

ನಾನು ಹೋಟೆಲಿಗೆ ರಿಂಗ್ ಮಾಡಿ, ಏಕಾಂಬರಂ ಇಲ್ಲ, ಕರೆ ಇಟ್ಟುಕೊಳ್ಳಲೋ ರದ್ದು ಮಾಡಲೋ ಎಂದು ಕೇಳಿದೆ. ಅದು ನಿಯಮ.

"ಕ್ಯಾನ್ಸಲ್ ಮಾಡಿನಿ ಅಮ್ಮಾ," ಅಂದ ಮಂಜಯ್ಯ. ಆಮೇಲೆ ದನಿ ತಗ್ಗಿಸಿ ಎಂದಿನ ಮಾತು ಕೇಳಿದ. "ಮಕ್ಳ್ ಶಬ್ದ ಕೇಣ್ತಾ?"

ಪಿ.ಪಿ. ಕರೆಯಲ್ಲಿ ಆ ಕಡೆಯ ಸದ್ದು ನಮಗೆ ಮಾತ್ರ ಕೇಳುತ್ತದೆ. ಬುಕ್ ಮಾಡಿದವರಿಗೆ ಲೈನು ಕೊಡುವುದು ಆ ಮನುಷ್ಯ ಸಿಕ್ಕ ಮೇಲೆ. ಏಕಾಂಬರಂ ಸಿಗುವ ಹಾಗಿಲ್ಲವಾದ್ದರಿಂದ ಮಂಜಯ್ಯನಿಗೆ ಆ ಜಗಲಿ ಎಂದೂ ಕೇಳಿಸುತ್ತಿರಲಿಲ್ಲ. ಹುಡುಗಿ ತಮ್ಮನಿಗೆ ಕಂಬ ಹತ್ತಬೇಡ ಎಂದು ಗದರುತ್ತಿದೆ ಅಂದೆ. ಅವನು ನಕ್ಕ. "ಆ ಮಾಣಿ ಮಂಗ ಅಮ್ಮಾ" ಎಂದು ಮಗನ ಬಗ್ಗೆ ಹೇಳಿ ಫೋನು ಇಟ್ಟ.

ಇಷ್ಟೇ ಆ ದಿನ.

ಎರಡು ಮೂರು ದಿನದಲ್ಲಿ ಬೋರ್ಡಿನ ತುಂಬ ದೀಪಗಳು ಉರಿಯತೊಡಗಿದವು. ಎಲ್ಲವೂ ಅರ್ಜೆಂಟ್ ಕರೆಗಳು. ಪತ್ರಿಕೆಗಳು ಇದು ವರ್ಷಗಳಿಂದ ದೇಶ ದೇಶ ಸುತ್ತುತ್ತಿರುವ ಕಾಲರಾ ಎಂದು ಬರೆದವು. ನಮ್ಮನ್ನು ಸಾಲಾಗಿ ನಿಲ್ಲಿಸಿ ಸೂಜಿ ಹಾಕಿದರು. ತೋಳು ಊದಿಕೊಂಡು, ಲೈನು ಕೂಡಿಸುವ ತಂತಿಯ ಕಾರ್ಡ್ ಎತ್ತಿ ಬೋರ್ಡಿಗೆ ಚುಚ್ಚಲು ಆಗುತ್ತಿರಲಿಲ್ಲ. ತ್ರಿಪ್ಲಿಕೇನಿನಲ್ಲಿ ಒಂದೊಂದೇ ಹೋಟೆಲು ಮುಚ್ಚಿತು. ಸೂಜಿಯ ಚೀಟಿ ಇಲ್ಲದವರನ್ನು ರೈಲಿನಿಂದ ಇಳಿಸುತ್ತಾರೆ ಎಂದು ಒಬ್ಬರು ಹೇಳಿದರು, ಚೀಟಿ ಇದ್ದರೂ ಇಳಿಸುತ್ತಾರೆ ಎಂದು ಇನ್ನೊಬ್ಬರು ಹೇಳಿದರು. ಯಾವುದು ನಿಜವೋ ನನಗೆ ತಿಳಿಯಲಿಲ್ಲ. ಇಡೀ ಊರಿನ ಮಾತು ನನ್ನ ಕಿವಿಯ ಮೂಲಕ ಹಾದುಹೋಗುತ್ತಿತ್ತು, ಆದರೂ ನನಗೆ ಏನೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಏಕಾಂಬರಂಗೆ ಟಿಕೆಟ್ ಬರಲಿಲ್ಲ. ಕೋದಂಡಪಾಣಿಗೂ ಬರಲಿಲ್ಲ. ಕುಂದಾಪುರಕ್ಕೆ ಬೇರೆ ಯಾವುದೋ ಕರೆ ಕೂಡಿಸುವಾಗ ಅಲ್ಲಿಯ ಆಪರೇಟರ್, "ಹದಿನಾಲ್ಕರವರು ಬೆಳಗಿಂದ ಕೇಳ್ತಾ ಇದ್ದಾರೆ, ಮದ್ರಾಸಿಂದ ಏನಾದ್ರೂ ಉಂಟಾ ಅಂತ," ಅಂದರು. ನಾನು ಒಂದು ನಿಮಿಷಕ್ಕೆ ಲೈನು ಕೊಡಿ ಎಂದು ಕೇಳಿದೆ.

"ಮಕ್ಳೆಲ್ಲ ಜಗಲಿ ಮೇಲೇ ಕೂತಿದೊ ಅಮ್ಮಾ," ಅಂದರು ಮಾಸ್ತರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಊರಿನ ಉಳಿದ ಮಕ್ಳನ್ನ ಇವ್ರ ಸಂಗ್ತಿ ಆಡುಕ್ ಬಿಡೂದಿಲ್ಲೆ. ಮದ್ರಾಸ್ ಮಕ್ಳ್ ಅಂತ್ರ್. ಈ ಮಕ್ಳ್ ಮದ್ರಾಸ್ ಕಂಡದ್ದೇ ಇಲ್ಲೆ. ಮಂಜಯ್ಯನ ಮಗ್ಳ್ ಶಾರದೆ ಉಂಡದ್ದಿಲ್ಲೆ. ಸಣ್ಣವ ರಾತ್ರಿ ಹಾಸಿಗೆ ಒದ್ದೆ ಮಾಡುಕ್ ಸುರು ಮಾಡಿದ ಅಂದೇಳಿ ಅಜ್ಜಿ ಹೇಳ್ತ್."

ಹೋಟೆಲು ಮುಚ್ಚಿದೆ, ಅದಕ್ಕೇ ಫೋನಿಲ್ಲ ಅಂದೆ. ಅದು ನಿಜವೂ ಆಗಿತ್ತು. ನಿಜ ಎಂದು ಗೊತ್ತಿದ್ದದ್ದು ಅಷ್ಟೇ.

ಅದರ ಮುಂದಿನ ಭಾನುವಾರ ಟಿಕೆಟ್ ಬಂತು. ಕುಂದಾಪುರ ಹದಿನಾಲ್ಕು, ಪಿ.ಪಿ., ಏಕಾಂಬರಂ. ನಾನು ಹೆಸರು ಕೇಳಿದಾಗ ಮಾಸ್ತರು ಉತ್ತರ ಕೊಡುವುದನ್ನೇ ಮರೆತು, "ಬಂತ್! ಶಾರದೆ, ಬಂತ್ ಕಾಣ್!" ಎಂದು ಕೂಗಿದರು. ಜಗಲಿಯಲ್ಲಿ ಎದ್ದ ಗದ್ದಲ ನನಗೆ ಕೇಳಿತು. ಆ ಸಂತೋಷದಲ್ಲೇ ಹೋಟೆಲಿಗೆ ರಿಂಗ್ ಮಾಡಿದೆ.

"ಕ್ಯಾನ್ಸಲ್" ಅಂದಿತು ಆ ಕಡೆಯ ದನಿ. ನಾನು ಕಾದೆ. ಮಕ್ಕಳ ಶಬ್ದದ ಮಾತು ಬರಲಿಲ್ಲ. ಫೋನು ಇಟ್ಟ ಸದ್ದು ಬಂತು.

ಮನೆಗೆ ಬಂದು, ಅದು ಮಂಜಯ್ಯನ ದನಿಯಂತಿರಲಿಲ್ಲ ಎಂದು ನಮ್ಮವರಿಗೆ ಹೇಳಿದೆ. ಅವರಿಗೆ ಏಕಾಂಬರಂ ಕಥೆಯೆಲ್ಲ ಗೊತ್ತಿತ್ತು. "ಕಾಯಿಲೆ ಬಿದ್ದು ಎದ್ದವನ ದನಿ ಹಾಗೇ ಇರುತ್ತಾ? ಸುಸ್ತಿನಲ್ಲಿ ಮಾತಾಡಿರಲಿಕ್ಕಿಲ್ಲ," ಅಂದರು. ನನಗೂ ಹಾಗೆ ಅನ್ನಿಸಿತು. ಹಾಗೆ ಅನ್ನಿಸಲಿ ಎಂದೂ ಇತ್ತು. ಮತ್ತೊಂದು ಭಾನುವಾರ ಬಂತು. ಈ ಸಲದ ದನಿ ಹಿಂದಿನ ವಾರದ್ದೂ ಅಲ್ಲ. ಅಥವಾ ಅದೇ ಇರಬಹುದು, ನೆಗಡಿಯಾಗಿರಬಹುದು. ದಿನಕ್ಕೆ ನೂರಾರು ದನಿ ಕೇಳುವ ಕೆಲಸದಲ್ಲಿ ಒಂದು ದನಿಯನ್ನು ಇದೇ ಎಂದು ಆಣೆ ಮಾಡಿ ಹೇಳುವುದು ಕಷ್ಟ. ಎರಡು ವಾರ ಕಳೆದವು, ಮೂರಾಯಿತು. ಜಗಲಿಯಲ್ಲಿ ಮಕ್ಕಳು ಮತ್ತೆ ನಗತೊಡಗಿದ್ದರು. ಏಕಾಂಬರಂ ಮತ್ತೆ ಕಾಶಿಗೆ ಹೋಗಿದ್ದ. ಆ ನಗುವನ್ನು ಹೇಳಿ ತಲುಪಿಸೋಣವೆಂದರೆ ಈ ಕಡೆ ಕೇಳುವವರಿರಲಿಲ್ಲ.

ಕಡೆಗೆ ಒಂದು ರಜೆಯ ದಿನ ನಮ್ಮವರೇ, "ನಡಿ, ನೋಡಿಕೊಂಡು ಬರೋಣ. ಹೀಗೆ ಅನ್ನ ಕಲಸಿಕೊಂಡು ಕೂತರೆ ಆಗಲ್ಲ," ಎಂದು ನನ್ನನ್ನು ತ್ರಿಪ್ಲಿಕೇನಿಗೆ ಕರೆದುಕೊಂಡು ಹೋದರು. ಹೋಟೆಲಿನ ಅರ್ಧ ಬಾಗಿಲು ತೆರೆದಿತ್ತು. ಬ್ಲೀಚಿಂಗ್ ಪುಡಿಯ ವಾಸನೆ ಬೀದಿಯವರೆಗೆ ಬರುತ್ತಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದವರ ಹೆಸರು ವಾಸು, ಮಂಜಯ್ಯನ ಊರಿನವರೇ, ಕೋದಂಡಪಾಣಿ ಅಂದರೆ ಅವರೇ. ನಾನು ಎಕ್ಸ್‌ಚೇಂಜಿನವಳು ಎಂದ ಕೂಡಲೇ ಎದ್ದು ನಿಂತರು.

"ಮಂಜಯ್ಯನನ್ನು ನೋಡಬೇಕಿತ್ತು," ಅಂದೆ.

ಅವರು ಒಳಗಿನ ಕಡೆ ನೋಡಿದರು. ದೋಸೆಯ ಕಲ್ಲಿನ ಮುಂದೆ ಯಾರೂ ಇರಲಿಲ್ಲ. "ಮಂಜಯ್ಯ ಸುರುವಿಗೇ ಹೋದ ಅಮ್ಮಾ. ಹೋಟ್ಲ್ ಮುಚ್ಚದ ವಾರ. ಆಸ್ಪತ್ರಿಗ್ ಸೇರ್ಸಿ ಒಂದ್ ರಾತ್ರಿಯೂ ಆಯ್ಲಿಲ್ಲೆ."

ಮಂಜಯ್ಯನ ಹೆಂಡತಿ ಗಿರಿಜೆಯೂ ಮದ್ರಾಸಿನಲ್ಲೇ ಇದ್ದಳು ಎಂಬುದು ನನಗೆ ಆಗ ತಿಳಿಯಿತು. ಮೈಲಾಪೂರಿನ ಒಂದು ಮನೆಯಲ್ಲಿ ಅಡುಗೆಗೆ ಇದ್ದಳಂತೆ, ನಮ್ಮಿಂದ ನಾಲ್ಕು ಬೀದಿ ಆಚೆ. ಅವಳು ಮಲಗುತ್ತಿದ್ದದ್ದು ಆ ಮನೆಯ ಅಡುಗೆಮನೆಯ ಪಕ್ಕದ ಓಣಿಯಲ್ಲಿ, ಅವನು ಹೋಟೆಲಿನ ಅಟ್ಟದಲ್ಲಿ, ಇತರ ಗಂಡಸರ ಜೊತೆ. ಇಬ್ಬರು ಮಕ್ಕಳನ್ನು ಕರೆತಂದು ಇಟ್ಟುಕೊಳ್ಳಲು ಈ ಎರಡರಲ್ಲಿ ಎಲ್ಲೂ ಜಾಗವಿರಲಿಲ್ಲ. ಗಂಡನನ್ನು ನೋಡಿಕೊಳ್ಳಲು ಆಸ್ಪತ್ರೆಗೆ ಹೋದವಳು ತಾನೂ ಮಲಗಿದಳು. ಬದುಕಿದಳು. ಕೆಲಸದ ಮನೆಯವರು ಒಳಗೆ ಸೇರಿಸಲಿಲ್ಲ. ಹೋಟೆಲ್ ಯಜಮಾನರ ಅಕ್ಕನ ಮನೆ ತಾಂಬರಂನಲ್ಲಿತ್ತು, ಅಲ್ಲಿಯ ಹಿತ್ತಿಲ ಕೋಣೆಯಲ್ಲಿ ಇದ್ದಳು. ಎದ್ದು ನಿಂತರೆ ತಲೆ ಸುತ್ತುತ್ತಿತ್ತು.

"ಮತ್ತೆ ಪ್ರತಿ ವಾರ ಏಕಾಂಬರಂನನ್ನು ಕೇಳುತ್ತಿರುವವರು ಯಾರು?" ಅಂದರು ನಮ್ಮವರು.

"ನಾವೇ. ಯಾರ್ ಫೋನಿನ್ ಹತ್ರ ಇರ್ತೋ ಅವ್ರ್."

"ಊರಿಗೆ ಒಂದು ತಂತಿ ಕೊಡಬಾರದಾಗಿತ್ತಾ?"

"ತಂತಿ ಓದ್ ಹೇಳೂದ್ ಯಾರ್? ಮಾಷ್ಟ್ರು. ಆ ಅಜ್ಜಿ ಎದುರಿಗ್ ನಿಂತ್ ಮಾಷ್ಟ್ರು ಓದೂದಾ? ನಮ್ಮಲ್ಲಿ ಸಾವಿನ ಸುದ್ದಿ ಹಾಂಗ್ ಹೇಳೂದಿಲ್ಲೆ ಸ್ವಾಮಿ. ಸಂಬಂಧಪಟ್ಟವ್ರೇ ಹೋಯ್ಕ್, ಹೋಗ್ಲೇಬೇಕ್. ಅಂಗಳದಂಗ್ ಕೂಕಂಡ್ ಹೇಳ್ಕ್. ಹೇಳದವ್ರ್ ಆ ರಾತ್ರಿ ಅಲ್ಲೇ ಇರ್ಕ್. ಈಗ ಹೋಪುದ್ ಯಾರ್? ಮದ್ರಾಸಿಂದ ಯಾರೂ ಬಪ್ಪುದೇ ಬ್ಯಾಡ ಅಂದೇಳಿ ಊರವ್ರೇ ಹೇಳಿ ಕಳ್ಸಿದ್ರ್. ಗಿರಿಜೆ ಎದ್ದ್ ಹೋಪಲ್ಲಿವರಿಗೆ ಕಾಯ್ಕಲ್ಲ."

"ಕಾಯಿರಿ. ಅಷ್ಟು ದಿನ ಸುಮ್ಮನಿರಬಹುದಿತ್ತಲ್ಲ?" ಅಂದೆ ನಾನು.

ವಾಸು ನನ್ನ ಮುಖ ನೋಡಿದರು. "ಸುಮ್ನಿದ್ರೆ ಅದೇ ಸುದ್ದಿ ಅಲ್ದಾ ಅಮ್ಮಾ? ಒಂದ್ ವಾರ ಸುಮ್ನಿದ್ದದ್ದಕ್ಕೆ ಮಕ್ಳ್ ಹ್ಯಾಂಗ್ ಆಯಿರ್ಲಕ್ಕ್, ನಿಮ್ಗೇ ಗೊತ್ತಿರ್ಕಲ್ದಾ."

ಹೇಳಿದರೂ ಸುದ್ದಿ, ಹೇಳದಿದ್ದರೂ ಸುದ್ದಿ. ಅವರು ಕಟ್ಟಿಕೊಂಡ ಏರ್ಪಾಡಿನಲ್ಲಿ ಚೆನ್ನಾಗಿದ್ದೇನೆ ಎಂದು ಹೇಳಲು ದಾರಿಯಿತ್ತು. ಬೇರೆ ಏನನ್ನು ಹೇಳಲೂ ದಾರಿ ಇರಲಿಲ್ಲ. ಭಾನುವಾರ ಟಿಕೆಟ್ ಬಂದರೆ ಏನು ಮಾಡಲಿ ಎಂದು ಮನೆಯಲ್ಲಿ ಕೇಳಿದೆ. ನಮ್ಮವರು ಬಹಳ ಹೊತ್ತು ಯೋಚಿಸಿ, "ನನಗೆ ಗೊತ್ತಾಗ್ತಿಲ್ಲ ಸುಶೀಲಾ," ಅಂದರು. ಅವರು ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಮನುಷ್ಯ. ಹಾಗೆ ಅಂದದ್ದನ್ನು ನಾನು ಆ ಮೊದಲು ಕೇಳಿರಲಿಲ್ಲ.

ಟಿಕೆಟ್ ಬಂತು. ಆಪರೇಟರು ಟಿಕೆಟ್ಟಿನಲ್ಲಿರುವ ಹೆಸರನ್ನು ಕೇಳಬೇಕು. ಯಾಕೆ, ಯಾರಿಗೆ ಎಂದು ವಿಚಾರಿಸುವ ಅಧಿಕಾರ ಅವಳಿಗಿಲ್ಲ. ನಾನು ಕೇಳಿದೆ. ಏಕಾಂಬರಂ ಹೊಸ ಪಂಚೆ ತರಲು ಕುಂದಾಪುರಕ್ಕೆ ಹೋಗಿದ್ದಾರೆ ಅಂದರು ಮಾಸ್ತರು. ಹುಡುಗಿ ನಕ್ಕದ್ದು ಕೇಳಿತು. ನಾನು ನಿಯಮದಂತೆ ಹೋಟೆಲಿಗೆ ತಿಳಿಸಿದೆ. ಅದು ಸರಿಯೋ ತಪ್ಪೋ ಎಂದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಮಕ್ಕಳು ಆ ವಾರ ಉಂಡರು, ಮಲಗಿದರು, ಶಾಲೆಗೆ ಹೋದರು. ಅದನ್ನು ಇಲ್ಲವೆನ್ನಲಾರೆ.

ಆಮೇಲೆ ಕಾಯಿಲೆ ಇಳಿಯಿತು. ಬಂದಷ್ಟೇ ಗೊತ್ತಾಗದ ಹಾಗೆ ಹೋಯಿತು. ಬೋರ್ಡಿನ ಮೇಲೆ ಮದುವೆಯ ಕರೆ, ಬಟ್ಟೆ ಅಂಗಡಿಯವರ ಕರೆ ಮತ್ತೆ ಶುರುವಾದವು. ಗಿರಿಜೆ ವಾಸುವಿನ ಜೊತೆ ರೈಲು ಹತ್ತಿದಳೆಂದು ಹೋಟೆಲಿನಿಂದ ಹೇಳಿಕಳಿಸಿದರು. ಆ ಭಾನುವಾರ ಏಕಾಂಬರಂ ಟಿಕೆಟ್ ಬರಲಿಲ್ಲ. ಇನ್ನು ಬರುವುದಿಲ್ಲ, ಎಲ್ಲ ಮುಗಿಯಿತು ಅಂದುಕೊಂಡು ಸ್ವಲ್ಪ ಹಗುರವಾಗಿದ್ದೆ.

ಹತ್ತು ಗಂಟೆಯ ಹೊತ್ತಿಗೆ ಮಂಗಳೂರಿನ ದೀಪ ಹತ್ತಿತು. ಕುಂದಾಪುರದ ಆಪರೇಟರ್, "ಮದ್ರಾಸ್, ಇದು ಕರೆ ಅಲ್ಲ. ಹದಿನಾಲ್ಕರವರಿಗೆ ನೀವೇ ಬೇಕಂತೆ," ಅಂದರು.

"ಮದ್ರಾಸಮ್ಮ, ಒಂದ್ ಉಪಕಾರ ಮಾಡ್ಕ್," ಮಾಸ್ತರರ ದನಿ ಒಡೆದಿತ್ತು. "ಗಿರಿಜೆ ಬಂದ್ ಹೇಳಿ ಎರಡ್ ದಿನ ಆಯ್ತ್. ಅಜ್ಜಿ ಕೂಗಿ ಕೂಗಿ ಮಲಗಿತ್. ಶಾರದೆ ನಂಬೂದಿಲ್ಲೆ. ಹೋದ ಐತವಾರವೂ ಹೆಸ್ರ್ ಬಂದಿತ್ತಲೆ, ಅಬ್ಬಿ ಸುಳ್ಳ್ ಹೇಳ್ತ್ ಅಂತ್. ಅಬ್ಬಿ ಕೂಡೆ ಮಾತಾಡೂದಿಲ್ಲೆ. ತಮ್ಮನ್ನ ಅಬ್ಬಿ ಹತ್ರ ಹೋಪುಕ್ ಬಿಡೂದಿಲ್ಲೆ. ಬೆಳಗಾತಿಗೇ ಬಂದ್ ಈ ಫೋನಿನ್ ಎದುರಿಗ್ ಕೂತಿತ್. ನಾನ್ ಹೇಳದ್ರೂ ಕೇಣುದಿಲ್ಲೆ. ಹೆಸ್ರ್ ಬಂತ್ ಬಂತ್ ಅಂದೇಳಿ ಕೂಗಿದ್ದ್ ನಾನೇ ಅಲ್ದಾ."

ಅಬ್ಬಿ ಅಂದರೆ ಅವರ ಕಡೆ ಅಮ್ಮ. ಅವರು ಫೋನನ್ನು ಹುಡುಗಿಯ ಕೈಗೆ ಕೊಟ್ಟರು.

"ಮದ್ರಾಸಮ್ಮನಾ?"

"ಹೌದು ಮಗು. ಶಾರದೆಯಾ?"

"ಹೋದ ಐತವಾರ ಏಕಾಂಬರಂ ಅಂದೇಳಿ ಕೇಂಡದ್ದ್ ನೀವೇ ಅಲ್ದಾ?"

"ನಾನೇ."

"ಅಪ್ಪಯ್ಯ ಎಷ್ಟೋ ವಾರದ ಹಿಂದೇ ಹೋಯಿರ್ ಅಂದೇಳಿ ಅಬ್ಬಿ ಹೇಳ್ತ್. ಹಾಂಗಾರೆ ಹೋದ ವಾರ ಅವ್ರ್ ಹ್ಯಾಂಗ್ ಕೇಂಡದ್ದ್?"

ನನ್ನ ಹಿಂದೆ ಸೂಪರ್‌ವೈಸರ್ ರಾಜಲಕ್ಷ್ಮಿ ಮೇಡಂ ಬಂದು ನಿಂತದ್ದು ಗೊತ್ತಾಯಿತು. "ಎನ್ನಮ್ಮಾ ಇದು? ಟಿಕೆಟ್ ಇಲ್ಲಾಮೆ ಪೇಸರೆ?" ಅಂದರು, ಟಿಕೆಟ್ ಇಲ್ಲದೆ ಮಾತಾಡುತ್ತಿದ್ದೀಯಲ್ಲ ಎಂದು. ನಾನು ಮೌತ್‌ಪೀಸನ್ನು ಕೈಯಲ್ಲಿ ಮುಚ್ಚಿ, "ಒರು ಕೊಳಂದೈ, ಮೇಡಂ," ಅಂದೆ. ಒಂದು ಮಗು. ಅವರು ನನ್ನ ಮುಖ ನೋಡಿದರು. ಪಕ್ಕದ ಕುರ್ಚಿ ಎಳೆದುಕೊಂಡು ನನ್ನ ಬೋರ್ಡಿನ ಉಳಿದ ದೀಪಗಳನ್ನು ತಾವೇ ತೆಗೆದುಕೊಳ್ಳತೊಡಗಿದರು.

"ಕೇಳಿದ್ದು ನಿಮ್ಮಪ್ಪಯ್ಯ ಅಲ್ಲ ಮಗು. ಹೋಟೆಲಿನ ಬೇರೆಯವರು ಕೇಳಿದರು. ನಿನಗೆ ಗೊತ್ತಾಗಿ ನೋವಾಗಬಾರದು ಅಂತ," ಅಂದೆ.

"ಅದ್ರ್ ಹಿಂದಿನ್ ವಾರ?"

"ಅದೂ ಅವರಲ್ಲ."

"ಅದ್ರ್ ಹಿಂದಿನ್ದ್?"

"ಅಲ್ಲ ಮಗು."

ಹೀಗೆ ಅವಳು ಒಂದೊಂದೇ ವಾರ ಹಿಂದಕ್ಕೆ ಹೋದಳು. ಎಲ್ಲಕ್ಕೂ ನಾನು ಉತ್ತರ ಕೊಡಬೇಕಾಯಿತು. ಯಾರೂ ಕೇಳದೆ ಹೋದ ಆ ಒಂದು ಭಾನುವಾರಕ್ಕೆ ಬಂದೆವು.

"ಅದ್ರ್ ಹಿಂದಿನ್ದ್?"

"ಅದು ನಿಮ್ಮಪ್ಪಯ್ಯನೇ."

"ನಿಮ್ಗ್ ಹ್ಯಾಂಗ್ ಗೊತ್ತ್?" ಅಂದಳು. "ಅದೂ ಬೇರೆಯವ್ರೇ ಇರ್ಲಕ್ಕ್. ಎಲ್ಲವೂ ಬೇರೆಯವ್ರೇ ಇರ್ಲಕ್ಕ್. ಸುರುವಿಂದ್ಲೂ."

ಇಂಥ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ವಾಸುವೂ ಎಣಿಸಿರಲಾರರು. ಕೆಲವು ವಾರಗಳನ್ನು ಬೇರೆಯವರು ತುಂಬಿದ್ದಕ್ಕೆ ಅವಳ ಕೈಯಲ್ಲಿದ್ದ ಅಷ್ಟೂ ಭಾನುವಾರಗಳು ಹೋಗುವುದರಲ್ಲಿದ್ದವು.

"ಹೆಸರು ಕೇಳಿಯಾದ ಮೇಲೆ ಅವರು ನನ್ನನ್ನು ಒಂದು ಮಾತು ಕೇಳ್ತಿದ್ದರು," ಅಂದೆ. "ಮಕ್ಕಳ ಶಬ್ದ ಕೇಳಿತಾ ಅಂತ. ಯಾವ ವಾರವೂ ತಪ್ಪಿಸಲಿಲ್ಲ. ನನಗೆ ಇಲ್ಲಿ ನಿಮ್ಮ ಜಗಲಿ ಕೇಳುತ್ತೆ. ಕೇಳಿದ್ದನ್ನು ಅವರಿಗೆ ಹೇಳ್ತಿದ್ದೆ. ಕೊನೆಯ ಸಲ ನೀನು ತಮ್ಮನನ್ನು ಗದರುತ್ತಿದ್ದೆ. ಕಂಬ ಹತ್ತಬೇಡ, ಬೀಳ್ತೀಯ ಅಂತ. ಅದನ್ನು ಹೇಳಿದೆ. ಅವರು ನಕ್ಕರು. ಆ ಮಾಣಿ ಮಂಗ ಅಂದರು. ಬೇರೆ ಯಾರೂ ಹಾಗೆ ಕೇಳಲಿಲ್ಲ ಮಗು. ಆಮೇಲಿನವರು ಯಾರೂ ಕೇಳಲಿಲ್ಲ."

ಒಂದು ಕರೆಗೆ ಸಲ್ಲುವ ಮೂರು ನಿಮಿಷ ಆಗಿಹೋಗಿತ್ತು. ಯಾವ ಊರಿನ ಆಪರೇಟರೂ ಲೈನು ಕಡಿಯಲಿಲ್ಲ. ಮಂಗಳೂರಿನವರೂ ಕುಂದಾಪುರದವರೂ ಕೇಳುತ್ತಿದ್ದರೆಂದು ನನಗೆ ಅನುಮಾನ.

"ಹೌದ್. ಹತ್ತಿದ್ದ," ಅಂದಳು ಶಾರದೆ. "ಬಿದ್ದಿದ್ದಿಲ್ಲೆ."

ಆಮೇಲೆ ಫೋನನ್ನು ಎಲ್ಲೋ ಇಟ್ಟ ಸದ್ದು. ಸರಿಯಾದ ಜಾಗದಲ್ಲಿ ಇಟ್ಟಿರಲಿಲ್ಲ, ಜಗಲಿ ಇನ್ನೂ ಕೇಳುತ್ತಿತ್ತು. ಒಂದು ಕಾಗೆ ಕೂಗಿತು. ಮಾಸ್ತರು ಮೂಗು ಒರೆಸಿಕೊಂಡರು. ದೂರದಲ್ಲಿ ಯಾರೋ ಹೆಂಗಸು ಅಳುವುದನ್ನು ತಡೆದುಕೊಳ್ಳುತ್ತಿದ್ದಳು, ಅದು ಗಿರಿಜೆ ಇರಬೇಕು. ಆಮೇಲೆ ಆ ಹುಡುಗಿಯ ದನಿ, ಸಿಟ್ಟಿನ ಹಾಗೆ: "ಅಬ್ಬೀ. ನೀ ಉಂಡಿಯಾ?"

ನಾನು ಕಾರ್ಡ್ ಹಿಡಿದು ಕುಳಿತೇ ಇದ್ದೆ. ಅಭ್ಯಾಸಬಲದಿಂದ ಹೋಟೆಲಿನ ಲೈನಿನ ಕಡೆ ಕೈ ಹೋಯಿತು. ಕೇಳಿದ್ದನ್ನು ಹೇಳಲು ಆ ಕಡೆ ಯಾರೂ ಇರಲಿಲ್ಲ. ರಾಜಲಕ್ಷ್ಮಿ ಮೇಡಂ ನನ್ನ ಕೈಯಿಂದ ಕಾರ್ಡ್ ತೆಗೆದು ಕೆಳಗೆ ಬಿಟ್ಟು, "ಪೋಮ್ಮಾ, ಕಾಫಿ ಕುಡಿಚಿಟ್ಟು ವಾ," ಅಂದರು, ಹೋಗಿ ಕಾಫಿ ಕುಡಿದು ಬಾ ಎಂದು.

ಗಿರಿಜೆ ಮತ್ತೆ ಮದ್ರಾಸಿಗೆ ಬರಲಿಲ್ಲ. ಹೋಟೆಲಿನವರು ಆ ಪದ್ಧತಿಯನ್ನು ಬಿಟ್ಟರು. ಬಿಟ್ಟರೋ, ಬೇರೆ ಆಪರೇಟರಿಗೆ ಹೋಯಿತೋ ನನಗೆ ತಿಳಿಯದು. ಎಂಬತ್ತರ ದಶಕದಲ್ಲಿ ಎಸ್.ಟಿ.ಡಿ. ಬಂದು ಒಂದೊಂದೇ ಊರು ನಮ್ಮ ಬೋರ್ಡಿನಿಂದ ಹೊರಟುಹೋಯಿತು. ಜನ ತಾವೇ ನಂಬರು ತಿರುಗಿಸಿಕೊಂಡು ಮಾತಾಡತೊಡಗಿದರು. ನಮ್ಮ ಸಾಲಿನಲ್ಲಿ ಕುರ್ಚಿಗಳು ಖಾಲಿಯಾದವು.

ಆ ದಶಕದ ಕೊನೆಗೆ ಒಂದು ಸಂಜೆ ಶಾರದೆ ಮೈಲಾಪೂರಿನ ನಮ್ಮ ಮನೆಗೆ ಬಂದಳು. ವಿಳಾಸ ಕೊಟ್ಟವರು ವಾಸು. ಅವಳಿಗೆ ಮದುವೆಯಾಗಿತ್ತು, ಗಂಡನ ಜೊತೆ ಮದ್ರಾಸು ನೋಡಲು ಬಂದಿದ್ದಳು. ಎತ್ತರದ ಹೆಂಗಸು, ಸೆರಗು ಬಿಗಿಯಾಗಿ ಸುತ್ತಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ನಮ್ಮವರು, "ಇವಳೇ ನೋಡಮ್ಮ ನಿಮ್ಮ ಮದ್ರಾಸಮ್ಮ. ಮನೇಲಿ ಮೂರು ನಿಮಿಷಕ್ಕೆ ಮಾತು ನಿಲ್ಲಿಸೋದೇ ಇಲ್ಲ," ಅಂದಾಗ ನಕ್ಕಳು. ತಮ್ಮನೂ ಹೋಟೆಲಿಗೇ ಸೇರಿದ್ದಾನೆ, ಬೊಂಬಾಯಿಯಲ್ಲಿ, ಅಂದಳು. ಕಾಫಿ ಕುಡಿದು ಲೋಟ ಕೆಳಗಿಟ್ಟು, ಬಂದ ವಿಷಯ ಕೇಳಿದಳು.

"ಅಪ್ಪಯ್ಯನ ದನಿ ಹ್ಯಾಂಗಿತ್ತ್ ಅಕ್ಕಾ? ನಂಗೆ ಮುಖ ಸ್ವಲ್ಪ ನೆನಪಿತ್ತ್. ದನಿ ಇಲ್ಲೆ. ಕಡೀಗ್ ಕೇಂಡದ್ದ್ ನೀವೇ ಅಲ್ದಾ."

ನಾನು ಬಾಯಿ ತೆರೆದೆ. ಅವನು ಆಡಿದ ಮಾತೆಲ್ಲ ನೆನಪಿತ್ತು. ಕ್ಯಾನ್ಸಲ್ ಮಾಡಿನಿ ಅಮ್ಮಾ. ಮಕ್ಳ್ ಶಬ್ದ ಕೇಣ್ತಾ. ಮಾತಿನ ಹಿಂದೆ ದನಿ ಇರಲಿಲ್ಲ. ನಾನು ಹೇಳಿದರೆ ಅದು ನನ್ನ ದನಿಯಲ್ಲೇ ಬರುತ್ತಿತ್ತು. ಎರಡು ವರ್ಷ ಪ್ರತಿ ಭಾನುವಾರ ಕೇಳಿದ ದನಿ. ಸ್ವಲ್ಪ ತಗ್ಗಿಸಿ ಮಾತಾಡುತ್ತಿದ್ದರು, ಮೆತ್ತಗೆ, ಅಂದೆ. ಅಷ್ಟು ಯಾರ ಬಗ್ಗೆ ಬೇಕಾದರೂ ಹೇಳಬಹುದು. ಅವಳು ತಲೆಯಾಡಿಸಿ, "ಅಡ್ಡಿಲ್ಲೆ ಅಕ್ಕಾ," ಎಂದು ನನ್ನ ಕೈ ಮುಟ್ಟಿದಳು.

ನಾನು ನಿವೃತ್ತಿಯಾಗಿ ಬಹಳ ವರ್ಷವಾಯಿತು. ಆ ಕೆಲಸ ನನಗೆ ಏನು ಕಲಿಸಿತು ಎಂದು ಕೇಳಿದರೆ ಇಷ್ಟು ಹೇಳಬಲ್ಲೆ. ದೂರದಲ್ಲಿರುವ ಮಗುವಿಗೆ ಎಲ್ಲ ಸರಿಯಾಗಿದೆ ಎಂದು ಹೇಳಿಕಳಿಸುವವರು, ಸರಿಯಿಲ್ಲದ ದಿನ ಅದನ್ನು ಹೇಳಲು ಯಾರು ಹೋಗುತ್ತಾರೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮತ್ತೆ, ನಡುವೆ ಕುಳಿತವರು ಕೇಳಿದ್ದನ್ನು ಕೇಳಿದ ಹಾಗೆಯೇ ಇಟ್ಟುಕೊಂಡಿರಬೇಕು, ಯಾವತ್ತೋ ಯಾರೋ ಬಂದು ಕೇಳುತ್ತಾರೆ. ನಾನು ಮಾತುಗಳನ್ನು ಇಟ್ಟುಕೊಂಡಿದ್ದೆ.

ನಮ್ಮವರು ಹೋದ ವರ್ಷ ತೀರಿಕೊಂಡರು. ಅವರ ಕನ್ನಡಕ, ಷೇವಿಂಗ್ ಕನ್ನಡಿ, ಕಚೇರಿಯ ಬೀಳ್ಕೊಡುಗೆಯ ಫೋಟೋ ಮನೆಯಲ್ಲಿವೆ. ಭಾನುವಾರ ಬೆಳಿಗ್ಗೆ ಆ ಕನ್ನಡಿಯ ಮುಂದೆ ನಿಂತು ಟ್ರಂಕಮ್ಮ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. ಅದು ನನ್ನ ದನಿಯಲ್ಲೇ ಬರುತ್ತದೆ. ಅವರ ದನಿ ಸಿಗುತ್ತಿಲ್ಲ.